ಒಂದು ಮರ, ಹತ್ತು ವಾರ: ಮಕ್ಕಳ ಜೊತೆ ವಸಂತದ ಪುಸ್ತಕ ಇಡುವ ಕ್ರಮ

ಫೆಬ್ರವರಿಯಲ್ಲಿ ಹುರುಪಿನಿಂದ ಶುರುವಾದ ಪ್ರಕೃತಿ ಪುಸ್ತಕ ಮಾರ್ಚ್ ಎರಡನೇ ವಾರಕ್ಕೆ ನಿಂತುಹೋಗುತ್ತದೆ. ಮೊದಲ ಪುಟದಲ್ಲಿ ಬಣ್ಣದ ಪೆನ್ಸಿಲ್ಲಿನ ಚಿಟ್ಟೆ, ಎರಡನೆಯದರಲ್ಲಿ ಗೋಂದು ಹಚ್ಚಿ ಅಂಟಿಸಿದ ದಾಸವಾಳ, ಮೂರನೆಯದರಲ್ಲಿ ಬರೀ ಬೂಷ್ಟು. ಅಷ್ಟರಲ್ಲಿ ಪರೀಕ್ಷೆ ಬರುತ್ತದೆ, ಪುಸ್ತಕ ಕಪಾಟು ಸೇರುತ್ತದೆ. ನಮ್ಮ ಮನೆಯಲ್ಲೂ ಮೊದಲ ವರ್ಷ ಹೀಗೇ ಆಯಿತು.

ತಪ್ಪು ಮಗುವಿನದಲ್ಲ, ಕ್ರಮದ್ದು. ಚಂದದ ಪುಸ್ತಕ ಮೊದಲು, ನೋಡುವುದು ಆಮೇಲೆ ಅಂದುಕೊಂಡರೆ ಮೂರು ವಾರಕ್ಕಿಂತ ಹೆಚ್ಚು ನಡೆಯುವುದಿಲ್ಲ. ಎಲ್ಲವನ್ನೂ ಬರೆಯಲು ಹೋಗಿ ಏನನ್ನೂ ಬರೆಯದೆ ಉಳಿಯುತ್ತೇವೆ. ಇಲ್ಲಿ ಹೇಳುವುದು ಒಂದೇ ಮರವನ್ನು ವಾರಕ್ಕೊಮ್ಮೆ ಹತ್ತು ನಿಮಿಷ ನೋಡಿ, ಹತ್ತು ವಾರ ಬರೆಯುವ ಬಗೆ. ಐದರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಸಾಕು. ತಿಂಗಳುಗಳ ಲೆಕ್ಕ ಬೆಂಗಳೂರು, ಮೈಸೂರು, ತುಮಕೂರು ಕಡೆಯ ಬಯಲಿನದು. ಕರಾವಳಿ ಮತ್ತು ಉತ್ತರದ ಜಿಲ್ಲೆಗಳಲ್ಲಿ ಒಂದೆರಡು ವಾರ ಹಿಂದೆಮುಂದೆ ಆಗಬಹುದು.

## ಬೇಕಾದ ಸಾಮಾನು

ಗೆರೆ ಇಲ್ಲದ ಲಾಂಗ್ ನೋಟ್‌ಬುಕ್ ಒಂದು, ಪೆನ್ಸಿಲ್, 30 ಸೆಂಟಿಮೀಟರಿನ ಸ್ಕೇಲು, ಹತ್ತಿಯ ದಾರ, ಹಳೇ ಪೇಪರು. ಭೂತಗನ್ನಡಿ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ಪೆನ್ ಬೇಡ, ಇಬ್ಬನಿ ತಾಗಿದರೆ ಶಾಯಿ ಹರಡುತ್ತದೆ. ದುರ್ಬೀನು ಈಗಲೇ ಕೊಡಿಸಬೇಡಿ. ಅದು ಕೈಗೆ ಬಂದರೆ ಮಗು ಮೊದಲ ತಿಂಗಳೆಲ್ಲ ದುರ್ಬೀನನ್ನೇ ನೋಡುತ್ತದೆ.

## ಹಂತ 1: ಮರ ಆರಿಸಿ

ಕಿಟಕಿಯಿಂದಲೋ ತಾರಸಿಯಿಂದಲೋ ಗೇಟಿನ ಬಳಿ ನಿಂತೋ ಕಾಣುವ ಒಂದೇ ಮರ ಆಗಬೇಕು. ಪಾರ್ಕಿಗೆ ಹೋಗಿ ನೋಡುತ್ತೇವೆ ಅಂದುಕೊಂಡವರ ಪುಸ್ತಕ ಮಳೆ ಬಂದ ಮೊದಲ ಭಾನುವಾರಕ್ಕೇ ನಿಲ್ಲುತ್ತದೆ.

ಈ ಹತ್ತು ವಾರದಲ್ಲಿ ಕಣ್ಣಿಗೆ ಕಾಣುವಷ್ಟು ಬದಲಾಗುವ ಮರ ಬೇಕು. ಹೊಂಗೆ ಎಲ್ಲಕ್ಕಿಂತ ವಾಸಿ. ಫೆಬ್ರವರಿಯಲ್ಲಿ ಎಲೆ ಹಳದಿಯಾಗಿ ಉದುರಿ, ಮಾರ್ಚ್ ಹೊತ್ತಿಗೆ ಗಿಣಿಹಸಿರಿನ ಚಿಗುರು ಬಂದು, ಏಪ್ರಿಲ್‌ನಲ್ಲಿ ಮರದ ಕೆಳಗೆ ಮಂಡಕ್ಕಿ ಚೆಲ್ಲಿದ ಹಾಗೆ ಹೂ ಬೀಳುತ್ತದೆ. ಎಲೆ, ಮೊಗ್ಗು, ಹೂ ಮೂರನ್ನೂ ಒಂದೇ ಮರ ತೋರಿಸುತ್ತದೆ. ಮಾವು, ಬೇವು, ಅರಳಿ ಕೂಡ ಒಳ್ಳೆಯವೇ. ಅರಳಿಯ ತಾಮ್ರದ ಬಣ್ಣದ ಚಿಗುರು ಹಸಿರಾಗುವುದನ್ನು ವಾರವಾರ ಹಿಡಿಯಬಹುದು. ಬಯಲುಸೀಮೆಯ ಹಳ್ಳಿಯವರಿಗೆ ಮುತ್ತುಗ ಸಿಕ್ಕರೆ ಬಿಡಬೇಡಿ. ಎಲೆಯಿಲ್ಲದ ಬೋಳು ಕೊಂಬೆಯ ಮೇಲೆ ಕೆಂಡದಂಥ ಹೂ ನೋಡಿದ ಮಗುವಿಗೆ ಬೇರೆ ಪಾಠ ಬೇಕಿಲ್ಲ.

ತೆಂಗು, ಕ್ರೋಟನ್, ಕಾಂಪೌಂಡಿನ ಉದ್ದ ಅಶೋಕ ಈ ಕೆಲಸಕ್ಕೆ ಆಗವು. ಅವು ಬದಲಾಗುವುದು ಮಗುವಿನ ಕಣ್ಣಿಗೆ ಕಾಣುವುದಿಲ್ಲ, ನಾಲ್ಕನೇ ವಾರಕ್ಕೆ ಬೇಸರ ಹತ್ತುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಮರವೇ ಕಾಣದಿದ್ದರೆ ಕುಂಡದ ಕರಿಬೇವು ಅಥವಾ ನಿಂಬೆಗಿಡ ಸಾಕು. ಅದರದು ಬೇರೆಯೇ ಕಥೆ, ಹಂತ 7ರಲ್ಲಿದೆ.

## ಹಂತ 2: ಒಂದು ಕೊಂಬೆಗೆ ದಾರ ಕಟ್ಟಿ

ಮರ ಪೂರ್ತಿ ನೋಡಲು ಆಗುವುದಿಲ್ಲ. ಮಗುವಿನ ಕೈಗೆಟುಕುವ ಒಂದು ಕೊಂಬೆ ಹಿಡಿದು ಹತ್ತಿಯ ದಾರ ಕಟ್ಟಿ. ದಾರದ ಒಳಗೆ ಮಗುವಿನ ಬೆರಳು ಆಡುವಷ್ಟು ಸಡಿಲ ಇರಲಿ. ಪ್ಲಾಸ್ಟಿಕ್ ದಾರ, ತಂತಿ, ಮೊಳೆ ಯಾವುದೂ ಬೇಡ. ಚಿಗುರುವ ಕಾಲದಲ್ಲಿ ಕೊಂಬೆ ದಪ್ಪವಾಗುತ್ತದೆ, ಬಿಗಿದ ದಾರ ತೊಗಟೆಯೊಳಗೆ ಇಳಿಯುತ್ತದೆ.

ಕೊಂಬೆ ಎತ್ತರದಲ್ಲಿದ್ದರೆ ಗುರುತು ಹೀಗೆ ಬರೆದಿಡಿ: "ಲೈಟ್ ಕಂಬದ ಕಡೆಗೆ ಚಾಚಿದ, ಕೆಳಗಿನಿಂದ ಎರಡನೇ ಕೊಂಬೆ." ನಿಲ್ಲುವ ಜಾಗವನ್ನೂ ಸೇರಿಸಿ. ಹೋದ ವಾರ ಗೇಟಿನಿಂದ, ಈ ವಾರ ತಾರಸಿಯಿಂದ ನೋಡಿದರೆ ಹೋಲಿಸಲು ಬರುವುದಿಲ್ಲ.

## ಹಂತ 3: ಪುಟಕ್ಕೆ ಗೆರೆ ಎಳೆಯಿರಿ

ಪುಸ್ತಕವನ್ನು ಅಡ್ಡಲಾಗಿ ಇಟ್ಟು ಎಂಟು ಕಲಂ ಹಾಕಿ: ತಾರೀಕು ಮತ್ತು ಹೊತ್ತು, ಆಕಾಶ, ಚಿಗುರೆಲೆ, ಹಣ್ಣೆಲೆ, ಮೊಗ್ಗು ಮತ್ತು ಹೂ, ಹೀಚು ಮತ್ತು ಕಾಯಿ, ಬಂದವರು, ಮಗುವಿನ ಒಂದು ಮಾತು. "ಬಂದವರು" ಅಂದರೆ ಅಳಿಲು, ಇರುವೆ, ಜೇನು, ಹಕ್ಕಿ, ಬೆಕ್ಕು ಯಾರಾದರೂ ಸರಿ.

ಎಲೆ, ಹೂ, ಕಾಯಿ ಕಲಮಿನಲ್ಲಿ ಮೂರೇ ಪದ ಬರೆಯಬೇಕು: ಇಲ್ಲ, ಸ್ವಲ್ಪ, ತುಂಬ. ಕೊಂಬೆಯ ಮೂರರಲ್ಲಿ ಒಂದು ಪಾಲಿಗಿಂತ ಕಡಿಮೆ ಇದ್ದರೆ ಸ್ವಲ್ಪ, ಅದಕ್ಕಿಂತ ಜಾಸ್ತಿಯಾದರೆ ತುಂಬ. ಆರು ವರ್ಷದ ಮಗುವಿಗೂ ಇದು ಬರುತ್ತದೆ. ಶೇಕಡಾ ಲೆಕ್ಕಕ್ಕೆ ಇಳಿದರೆ ದೊಡ್ಡವರಲ್ಲೇ ಜಗಳವಾಗುತ್ತದೆ.

ಜನ ಹೆಚ್ಚಾಗಿ ತಪ್ಪುವುದು "ಇಲ್ಲ" ಎಂಬಲ್ಲಿ. ಹೂ ಇಲ್ಲದ ವಾರ ಬರೆಯಲು ಏನಿದೆ ಎಂದು ಕಲಂ ಖಾಲಿ ಬಿಡುತ್ತಾರೆ. ಆಮೇಲೆ ನೋಡಿದಾಗ ಆ ಖಾಲಿ ಜಾಗ ನೋಡಿ ಹೂ ಇರದ ವಾರವೋ, ನೋಡಲೇ ಇರದ ವಾರವೋ ಎಂಬುದು ಗೊತ್ತಾಗುವುದಿಲ್ಲ. ಮಾರ್ಚ್ 22ರಂದು "ಮೊಗ್ಗು: ಇಲ್ಲ", 29ರಂದು "ಮೊಗ್ಗು: ಸ್ವಲ್ಪ" ಎಂದಿದ್ದರೆ ಮೊಗ್ಗು ಬಂದದ್ದು ಆ ಏಳು ದಿನದೊಳಗೆ ಎಂದು ಖಾತ್ರಿಯಾಗಿ ಹೇಳಬಹುದು. ಹಿಂದಿನ "ಇಲ್ಲ" ಇರದಿದ್ದರೆ "ಮೊದಲ ಸಲ" ಎಂಬ ಮಾತಿಗೆ ಬೆಲೆಯಿಲ್ಲ.

ಇನ್ನೊಂದು ತಪ್ಪು ತಾರೀಕಿನದು. "ಯುಗಾದಿ ದಿನ ಬೇವು ಹೂ ಬಿಟ್ಟಿತ್ತು" ಎಂದು ಬರೆದರೆ ಚಂದವೇನೋ ಹೌದು, ಆದರೆ ಯುಗಾದಿ 2024ರಲ್ಲಿ ಏಪ್ರಿಲ್ 9ಕ್ಕೆ, 2025ರಲ್ಲಿ ಮಾರ್ಚ್ 30ಕ್ಕೆ, 2026ರಲ್ಲಿ ಮಾರ್ಚ್ 19ಕ್ಕೆ ಬಂತು. ಎರಡು ವರ್ಷದಲ್ಲಿ ಮೂರು ವಾರದ ವ್ಯತ್ಯಾಸ! ಮರಕ್ಕೆ ಪಂಚಾಂಗದ ಅಧಿಕಮಾಸ ಗೊತ್ತಿಲ್ಲ. ಹಬ್ಬದ ಹೆಸರು ಬರೆಯಿರಿ, ಪಕ್ಕದಲ್ಲಿ ತಾರೀಕನ್ನೂ ಬರೆಯಿರಿ. ಮಳೆ ನಕ್ಷತ್ರದ ಲೆಕ್ಕ ಹಾಗಲ್ಲ, ಅದು ಸೂರ್ಯನದು. ಅಶ್ವಿನಿ ಮಳೆ ಪ್ರತಿ ವರ್ಷ ಏಪ್ರಿಲ್ 13-14ರ ಸುಮಾರಿಗೇ ಶುರು. ಮನೆಯಲ್ಲಿ ಅಜ್ಜಿ ತಾತ ಇದ್ದರೆ ಆಕಾಶದ ಕಲಂ ಅವರಿಗೇ ಒಪ್ಪಿಸಿಬಿಡಿ, ನಿಮಗಿಂತ ಚೆನ್ನಾಗಿ ತುಂಬುತ್ತಾರೆ.

## ಹಂತ 4: ವಾರದ ಹತ್ತು ನಿಮಿಷ

ಭಾನುವಾರ ಬೆಳಿಗ್ಗೆ ಏಳೂವರೆ ಎಂದು ಗೊತ್ತು ಮಾಡಿಕೊಳ್ಳಿ. ಮಾರ್ಚ್ ಬಿಸಿಲು ಒಂಬತ್ತಕ್ಕೇ ಚುರುಕಾಗುತ್ತದೆ. ಹಕ್ಕಿ, ಜೇನು ಕಾಣುವುದೂ ಬೆಳಗಿನಲ್ಲೇ ಜಾಸ್ತಿ. ಆಮೇಲೆ ಈ ಕ್ರಮ ಹಿಡಿಯಿರಿ:

1. ದೂರದಿಂದ ನಿಂತು ಇಡೀ ಮರ ನೋಡಿ. ಹೋದ ವಾರಕ್ಕಿಂತ ಆಕಾಶ ಹೆಚ್ಚು ಕಾಣುತ್ತದೋ ಕಡಿಮೆಯೋ? ಎಲೆ ಉದುರಿದ್ದು ಮಕ್ಕಳಿಗೆ ಹೀಗೆ ಬೇಗ ತಿಳಿಯುತ್ತದೆ.
2. ಕಣ್ಣು ಮುಚ್ಚಿ ಒಂದು ನಿಮಿಷ ಕೇಳಿ.
3. ಹತ್ತಿರ ಹೋಗಿ ದಾರ ಕಟ್ಟಿದ ಕೊಂಬೆ ನೋಡಿ. ಎಲೆಯ ಮೇಲೆ, ಕೆಳಗೆ, ತೊಟ್ಟಿನ ಸಂದಿಯಲ್ಲಿ.
4. ನೆಲ ನೋಡಿ. ಮೇಲೆ ಕಾಣದ ಹೂ, ಹೀಚು, ಹಿಕ್ಕೆ, ಅಳಿಲು ಕಡಿದ ಕಾಯಿ ಕೆಳಗೆ ಸಿಗುತ್ತವೆ.
5. ನಿಂತಲ್ಲೇ ಬರೆಯಿರಿ. ತಿಂಡಿ ತಿಂದು ಬರೆಯೋಣ ಅಂದರೆ ಅರ್ಧ ಮರೆತಿರುತ್ತದೆ.
6. ಕೊನೆಗೆ ಒಂದು ಫೋಟೋ.

ಫೋಟೋ ಕೊನೆಗೇ ಯಾಕೆಂದರೆ ಮೊಬೈಲ್ ಮೊದಲು ಹೊರಬಂದರೆ ನೋಡುವುದು ಅಲ್ಲಿಗೇ ಮುಗಿಯುತ್ತದೆ. ಗಿಡದ ಹೆಸರು ಹೇಳುವ ಆಪ್ ಕೂಡ ಬರೆದಾದ ಮೇಲೆಯೇ. ಹೆಸರು ಸಿಕ್ಕ ಕೂಡಲೇ "ಗೊತ್ತಾಯ್ತು" ಎಂದು ಮಗು ಮುಂದೆ ಹೋಗಿಬಿಡುತ್ತದೆ. ಹೆಸರು ಗೊತ್ತಿಲ್ಲದ ಹುಳಕ್ಕೆ ನಮ್ಮ ಮನೆಯಲ್ಲಿ ಒಂದು ವರ್ಷ "ಬೆಲ್ಟು ಹಾಕಿದವನು" ಎಂದೇ ಹೆಸರು. ಬೆನ್ನ ಮೇಲಿನ ಪಟ್ಟಿ ಎಷ್ಟು ಎಂದು ಎಣಿಸಿದ್ದೂ ಆ ಹೆಸರಿನಿಂದಲೇ.

ಮಗು ಬರೆಯಲಾರದಷ್ಟು ಚಿಕ್ಕದಾದರೆ ಅದು ಹೇಳಿದ್ದನ್ನು ನೀವು ಬರೆಯಿರಿ, ಅದರ ಮಾತಿನಲ್ಲೇ. "ಎಲೆ ಎಣ್ಣೆ ಹಚ್ಚಿದ ಹಾಗಿದೆ" ಅಂದದ್ದನ್ನು "ಎಲೆಗಳು ಹೊಳೆಯುತ್ತಿವೆ" ಎಂದು ತಿದ್ದಬೇಡಿ. ಎಣ್ಣೆಯ ಮಾತೇ ಸರಿಯಾದ ದಾಖಲೆ.

## ಹಂತ 5: ಕಾಳಿನ ಅಳತೆ

"ಚಿಕ್ಕದು", "ದೊಡ್ಡದು" ಎಂಬ ಪದಗಳಿಂದ ಏನೂ ತಿಳಿಯುವುದಿಲ್ಲ. ಹೀಚನ್ನು ಸ್ಕೇಲಿಟ್ಟು ಅಳೆಯಲು ಹೋದರೆ ಅದು ಕೈಗೇ ಬರುತ್ತದೆ. ಅಡುಗೆಮನೆಗೆ ಹೋಗಿ ಸಾಸಿವೆ, ಹೆಸರುಕಾಳು, ಕಡಲೆಕಾಳು ತಂದು, ಅವುಗಳ ಜೊತೆ ಒಂದು ಗೋಲಿ, ಒಂದು ನಿಂಬೆಹಣ್ಣು ಇಡಿ. ಮೂರು ಕಾಳನ್ನೂ ಪುಸ್ತಕದ ಒಳರಟ್ಟಿಗೆ ಸಾಲಾಗಿ ಅಂಟಿಸಿ, ಗೋಲಿ ಮತ್ತು ನಿಂಬೆಯ ಸುತ್ತ ಪೆನ್ಸಿಲ್ಲಿನಿಂದ ಗೆರೆ ಎಳೆಯಿರಿ. ಮುಂದೆ ಬರೆಯುವುದೆಲ್ಲ "ಹೆಸರುಕಾಳಷ್ಟು", "ಗೋಲಿಗಿಂತ ದೊಡ್ಡದು" ಎಂದು.

ಮಾವಿನ ಮರ ಇದ್ದವರಿಗೆ ಇದರಲ್ಲಿ ಒಳ್ಳೆಯ ಲೆಕ್ಕವಿದೆ. ಒಂದೇ ಹೂಗೊಂಚಲಿಗೆ ದಾರ ಕಟ್ಟಿ, ಪ್ರತಿ ವಾರ ಅದರಲ್ಲಿ ಉಳಿದ ಹೀಚು ಎಣಿಸಿ. ಗೊಂಚಲಲ್ಲಿ ನೂರಾರು ಹೂ, ಕೆಲವೊಮ್ಮೆ ಸಾವಿರಕ್ಕೂ ಮೀರಿ ಇರುತ್ತವೆ. ಹಣ್ಣಾಗುವುದು ಒಂದೋ ಎರಡೋ, ಎಷ್ಟೋ ಸಲ ಒಂದೂ ಇಲ್ಲ. 43, 17, 6, 2 ಎಂದು ಇಳಿಯುವ ಸಂಖ್ಯೆ ನೋಡಿ ಮಗು ಅಳುಮುಖ ಮಾಡಬಹುದು. ಬಹುಪಾಲು ಹೂ ಉದುರುವುದು ಮಾವಿಗೆ ಸಹಜ, ಮರಕ್ಕೆ ರೋಗ ಬಂದಿಲ್ಲ ಎಂದು ಮೊದಲೇ ಹೇಳಿಡಿ. ಹೂ ಕಪ್ಪಾಗಿ, ಜಿಗುಟಾಗಿ, ಬೂದಿ ಬಳಿದಂತೆ ಕಂಡರೆ ಮಾತ್ರ ಅದು ಬೇರೆ ಸಂಗತಿ; ಅದನ್ನೂ ಬರೆಯಿರಿ.

ಬಣ್ಣಕ್ಕೂ ಇದೇ ಉಪಾಯ. ಕೆಂಪು ಎನ್ನುವ ಬದಲು ಬೀಟ್‌ರೂಟು, ಇಟ್ಟಿಗೆ, ಬೆಲ್ಲ, ತಾಮ್ರದ ಚೊಂಬು ಎಂದು ಮಕ್ಕಳಿಂದಲೇ ಹೇಳಿಸಿ.

## ಹಂತ 6: ಕಿವಿಯ ಪುಟ

ಪುಸ್ತಕದ ಹಿಂದಿನಿಂದ ಒಂದು ಪುಟ ತಿರುಗಿಸಿ, ನಡುವೆ ಚುಕ್ಕಿ ಇಟ್ಟು "ನಾನು" ಎಂದು ಬರೆಯಿರಿ. ಐದು ನಿಮಿಷ ಕೂತು, ಸದ್ದು ಬಂದ ದಿಕ್ಕಿಗೆ ಒಂದೊಂದು ಗುರುತು ಹಾಕಬೇಕು. ಕುಕ್ಕರ್ ಸೀಟಿ, ಸ್ಕೂಟರು ಎಲ್ಲವೂ ಇರಲಿ.

ಎರಡು ದನಿ ಮೊದಲೇ ಕಲಿಸಿಡಿ. ಗಂಡು ಕೋಗಿಲೆಯ ಏರುವ "ಕುಹೂ" ಎಲ್ಲರಿಗೂ ಗೊತ್ತು; ಹೆಣ್ಣಿನದು ಚುರುಕಾದ "ಕಿಕ್ ಕಿಕ್ ಕಿಕ್", ಅದನ್ನು ಹೆಚ್ಚಿನವರು ಬೇರೆ ಹಕ್ಕಿ ಅಂದುಕೊಳ್ಳುತ್ತಾರೆ. ಗಂಡು ಕಪ್ಪು, ಹೆಣ್ಣು ಕಂದು ಮೈಮೇಲೆ ಬಿಳಿ ಚುಕ್ಕಿ. ಇನ್ನೊಂದು ಕಂಚುಗಾರ ಹಕ್ಕಿ: ಪಾತ್ರೆಗೆ ಸುತ್ತಿಗೆ ಬಡಿದಂತೆ ಒಂದೇ ಸಮನೆ "ಟುಕ್ ಟುಕ್ ಟುಕ್". ಬಿಸಿಲೇರಿದ ಮೇಲೂ ನಿಲ್ಲಿಸುವುದಿಲ್ಲ.

"ಮೊದಲ ಕೋಗಿಲೆ" ಎಂದು ಬರೆಯುವುದು ಮನೆಯವರ ಕಿವಿಗೇ ಬಿದ್ದಾಗ ಮಾತ್ರ. ಪಕ್ಕದ ಮನೆಯ ಟಿವಿ, ಮೊಬೈಲ್ ರಿಂಗ್‌ಟೋನ್, ಕೋಗಿಲೆಯನ್ನು ಅಣಕಿಸುವ ಹುಡುಗರು ಎಲ್ಲರೂ ಮೋಸ ಮಾಡುತ್ತಾರೆ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಹಕ್ಕಿಯನ್ನು ಕರೆಯುವ ಆಟ ಬೇಡ. ಮರಿ ಮಾಡುವ ಕಾಲವಿದು, ಇನ್ನೊಂದು ಗಂಡು ಬಂತೆಂದು ಅದು ಗಾಬರಿಯಾಗಿ ಹುಡುಕಾಡುತ್ತದೆ.

## ಹಂತ 7: ಕುಂಡದ ಕರಿಬೇವು ಅಥವಾ ನಿಂಬೆ ಇದ್ದವರಿಗೆ

ಎಳೆ ಎಲೆಯ ಮೇಲೆ ಸಾಸಿವೆಗಿಂತ ಚಿಕ್ಕ, ತಿಳಿ ಹಳದಿಯ ಗುಂಡು ಮೊಟ್ಟೆ ಹುಡುಕಿ. ಕರಿಬೇವು, ನಿಂಬೆ ಜಾತಿಯ ಗಿಡಗಳಲ್ಲಿ ಮೊಟ್ಟೆಯಿಡುವ ಚಿಟ್ಟೆಗಳಿವೆ. ಮೊದಮೊದಲು ಹುಳು ಹಕ್ಕಿ ಹಿಕ್ಕೆಯಂತೆ ಕಂದು ಬಿಳಿಯಾಗಿರುತ್ತದೆ, ಎಷ್ಟೋ ಅಮ್ಮಂದಿರು ಎಲೆಯ ಸಮೇತ ತೊಳೆದುಬಿಡುತ್ತಾರೆ. ಆಮೇಲೆ ಹಸಿರಾಗಿ ದಪ್ಪವಾಗುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೊಂಬು ಚಾಚಿ ವಾಸನೆ ಬಿಡುತ್ತದೆ. ಹೆದರಬೇಕಿಲ್ಲ, ಅದು ಕಚ್ಚುವುದಿಲ್ಲ. ಮೊಟ್ಟೆಯಿಂದ ಚಿಟ್ಟೆಯವರೆಗೆ ಸುಮಾರು ಮೂರು ನಾಲ್ಕು ವಾರ.

ಇದಕ್ಕೆ ವಾರಕ್ಕೊಮ್ಮೆ ಸಾಲದು, ದಿನಾ ಒಂದು ಸಾಲು ಬೇಕು: ಉದ್ದ, ಬಣ್ಣ, ತಿಂದ ಎಲೆ ಎಷ್ಟು.

ಹುಳುವನ್ನು ಬಾಟಲಿಗೆ ಹಾಕುವುದರಲ್ಲೇ ಕೆಲಸ ಕೆಡುವುದು. ಗಿಡದ ಮೇಲೇ ಬಿಟ್ಟು ನೋಡಿ. ಅಂಗಡಿಯ ಕರಿಬೇವು ತಿನ್ನಿಸಬೇಡಿ, ಔಷಧಿ ಹೊಡೆದ ಎಲೆಯಾದರೆ ಒಂದೇ ದಿನಕ್ಕೆ ಸಾಯುತ್ತದೆ. ಹುಳು ಒಂದು ದಿನ ಕಾಣದಾದರೆ ಹಕ್ಕಿ ತಿಂದಿರಬಹುದು, ಕೋಶ ಕಟ್ಟಲು ಗೋಡೆ ಹತ್ತಿರಲೂಬಹುದು. ಸುತ್ತ ಹುಡುಕಿ, ಸಿಗದಿದ್ದರೆ "ಸಿಗಲಿಲ್ಲ" ಎಂದು ಬರೆಯಿರಿ. ಕಥೆ ಚಂದವಾಗಲಿ ಎಂದು "ಚಿಟ್ಟೆಯಾಗಿ ಹಾರಿಹೋಯಿತು" ಎಂದು ಸೇರಿಸಬೇಡಿ.

ಎಚ್ಚರ: ಮೈತುಂಬ ರೋಮ ಇರುವ ಹುಳು ಕಂಡರೆ ಕೈ ದೂರ. ನುಗ್ಗೆಮರದ ಕಾಂಡದಲ್ಲಿ ಗುಂಪುಗುಂಪಾಗಿ ಕೂರುವ ಕಂಬಳಿಹುಳು ತಾಗಿದರೆ ಸಿಕ್ಕಾಪಟ್ಟೆ ತುರಿಕೆ. ತಾಗಿದ ಜಾಗ ಉಜ್ಜಬಾರದು. ಅಂಟುವ ಟೇಪು ಒತ್ತಿ ರೋಮ ತೆಗೆದು, ಸೋಪಿನ ನೀರಲ್ಲಿ ತೊಳೆಯಿರಿ. ಮುಖ ಊದಿಕೊಂಡರೆ, ಕಣ್ಣಿಗೆ ತಾಗಿದರೆ, ಉಸಿರು ಕಟ್ಟಿದಂತಾದರೆ ನೇರ ಡಾಕ್ಟರ ಹತ್ತಿರ.

## ಹಂತ 8: ಎಲೆ ಒಣಗಿಸಿ, ಆಮೇಲೆ ಅಂಟಿಸಿ

ಬೂಷ್ಟಿಗೆ ಕಾರಣ ಒಂದೇ, ಹಸಿ ಎಲೆ. ಬಿದ್ದ ಎಲೆ ಹೆಕ್ಕಿ, ನೀರು ಒರೆಸಿ, ಪೇಪರಿನ ನಡುವೆ ಇಟ್ಟು ಮೇಲೆ ದಪ್ಪ ಪುಸ್ತಕಗಳನ್ನು ಹೇರಿ. ಮೊದಲ ನಾಲ್ಕು ದಿನ ಪೇಪರು ಬದಲಿಸಲೇಬೇಕು. ಇದನ್ನು ಬಿಟ್ಟವರ ಎಲೆ ಕಪ್ಪಾಗುತ್ತದೆ. ಒಂದು ವಾರದಿಂದ ಹತ್ತು ದಿನಕ್ಕೆ ಎಲೆ ಹಪ್ಪಳದ ಹಾಗೆ ಸದ್ದು ಮಾಡಿದರೆ ಒಣಗಿದೆ ಎಂದರ್ಥ. ಗೋಂದು ಬೇಡ, ಎರಡು ಕಡೆ ಕಾಗದದ ಪಟ್ಟಿ ಅಂಟಿಸಿ ಹಿಡಿಸಿ. ದಾಸವಾಳ, ಮಲ್ಲಿಗೆಯಂಥ ನೀರಿನಂಶದ ಹೂ ಬೇಡ. ಹೊಂಗೆ, ಬೇವು, ಅರಳಿಯ ಎಲೆ ಚೆನ್ನಾಗಿ ಕೂರುತ್ತವೆ.

ಅರಳಿ ಎಲೆಯ ನರಗಳಷ್ಟೇ ಉಳಿಯುವ ಬಲೆ ಮಾಡಲು ನೀರಲ್ಲಿ ವಾರಗಟ್ಟಲೆ ನೆನೆಹಾಕುವವರು ಡಬ್ಬಿಗೆ ಮುಚ್ಚಳ ಹಾಕಲೇಬೇಕು. ತೆರೆದ ನೀರಿನಲ್ಲಿ ಡೆಂಗ್ಯೂ ಸೊಳ್ಳೆ ಸಾಕಿದಂತಾಗುತ್ತದೆ. ಹಕ್ಕಿಗಿಟ್ಟ ನೀರಿನ ಬಟ್ಟಲನ್ನೂ ದಿನಾ ತೊಳೆದು ಬದಲಿಸಿ.

## ಹಂತ 9: ಗೂಡು ಸಿಕ್ಕರೆ

ಬಾಲ್ಕನಿಯ ಬಳ್ಳಿಯಲ್ಲಿ ಸೂರಕ್ಕಿ, ಕುಂಡದ ಗಿಡದಲ್ಲಿ ಪಿಕಳಾರ ಗೂಡು ಕಟ್ಟುವುದುಂಟು. ಮುಟ್ಟಬೇಡಿ, ಕೊಂಬೆ ಸರಿಸಬೇಡಿ, ಫ್ಲ್ಯಾಶ್ ಹಾಕಿ ಫೋಟೋ ತೆಗೆಯಬೇಡಿ. ಕಿಟಕಿಯ ಒಳಗಿನಿಂದ ದಿನಕ್ಕೆ ಎರಡು ನಿಮಿಷ ಸಾಕು. ಗೂಡಿನ ಸುತ್ತ ನಮ್ಮ ಓಡಾಟ ಜಾಸ್ತಿಯಾದರೆ ಕಾಗೆಗೆ ದಾರಿ ತೋರಿಸಿದ ಹಾಗೆ. ತಾಯಿಹಕ್ಕಿ ಬಾಯಲ್ಲಿ ಹುಳು ಹಿಡಿದು ಗೂಡಿಗೆ ಬರದೆ ಪಕ್ಕದ ತಂತಿಯ ಮೇಲೆ ಕೂತು ಚಡಪಡಿಸುತ್ತಿದ್ದರೆ ನೀವು ತೀರಾ ಹತ್ತಿರ ಇದ್ದೀರಿ. ಪಿಕಳಾರ ಆದರೆ ಮೊಟ್ಟೆಯಿಂದ ಮರಿ ಹಾರುವವರೆಗೆ ಸುಮಾರು ನಾಲ್ಕು ವಾರ. ಅಷ್ಟು ದಿನ ಆ ಕುಂಡಕ್ಕೆ ಬುಡದಲ್ಲಷ್ಟೇ ನೀರು ಹಾಕಿ.

ಹೆಜ್ಜೇನು ಗೂಡು ಸಿಕ್ಕರೆ ಮಾತ್ರ ಬರೆಯುವುದೂ ಬೇಡ, ನಿಲ್ಲುವುದೂ ಬೇಡ. ಮಕ್ಕಳನ್ನು ಕರೆದುಕೊಂಡು ಒಳಗೆ ಬನ್ನಿ.

## ಹಂತ 10: ಪರೀಕ್ಷೆ ಮತ್ತು ರಜೆ ದಾಟಿಸಿ

ಮಾರ್ಚ್ ಪರೀಕ್ಷೆಯ ವಾರಗಳಲ್ಲಿ ಕೆಲಸವನ್ನು ಎರಡು ನಿಮಿಷಕ್ಕೆ ಇಳಿಸಿ: ತಾರೀಕು, ಮೂರು ಪದ, ಅಷ್ಟೇ. ತಪ್ಪಿದ ವಾರವನ್ನು ಆಮೇಲೆ ನೆನಪಿನಿಂದ ತುಂಬಿಸಬೇಡಿ. ಅಡ್ಡಗೆರೆ ಎಳೆದು "ನೋಡಲಿಲ್ಲ" ಎಂದು ಬರೆದರೆ ಪುಸ್ತಕಕ್ಕೆ ಏನೂ ಆಗುವುದಿಲ್ಲ.

ಏಪ್ರಿಲ್‌ನಲ್ಲಿ ಊರಿಗೆ ಹೋದರೆ ಪಕ್ಕದ ಮನೆಯವರಿಗೆ ನಿಲ್ಲುವ ಜಾಗ ತೋರಿಸಿ, ವಾರಕ್ಕೊಂದು ಫೋಟೋ ಕೇಳಿಕೊಳ್ಳಿ. ಊರಿನಲ್ಲಿ ಹೊಸ ಪುಟ ತೆಗೆಯಿರಿ, ಇದೇ ಪುಟದಲ್ಲಿ ಬೆರೆಸಬೇಡಿ. ಅಜ್ಜಿಮನೆ ಕೊಡಗಿನಲ್ಲೋ ಚಿಕ್ಕಮಗಳೂರಿನಲ್ಲೋ ಇದ್ದರೆ ಒಂದು ಸುಲಭದ ಲೆಕ್ಕ: ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ತಾರೀಕು ಕೇಳಿ ಬರೆದು, ಹೂ ಅರಳಲು ಎಷ್ಟು ದಿನ ಆಯಿತು ಎಂದು ಎಣಿಸಿ. ಸಾಮಾನ್ಯವಾಗಿ ಏಳರಿಂದ ಹತ್ತು ದಿನ.

## ಪುಸ್ತಕ ಹಾದಿ ತಪ್ಪಿದ ಗುರುತುಗಳು

ಮೂರು ವಾರದ ಸಾಲೂ ಒಂದೇ ಥರ ಇದ್ದರೆ, ಮಗು ಕಿಟಕಿಯಿಂದ ನೋಡದೆ ಹಿಂದಿನ ಸಾಲು ನೋಡಿ ಬರೆದಿದೆ. ಹಿಂದಿನ ಸಾಲಿನ ಮೇಲೆ ಕಾಗದ ಮುಚ್ಚಿ ಬರೆಸಿ.

"ಏನು ಬರೀಲಿ ಅಮ್ಮಾ?" ಎಂಬ ಪ್ರಶ್ನೆ ಪದೇಪದೇ ಬಂದರೆ ನೀವು ಉತ್ತರ ಹೇಳಿಕೊಡುತ್ತಿದ್ದೀರಿ. "ಹೋದ ವಾರ ಇಲ್ಲದ್ದು ಏನು ಬಂದಿದೆ?" ಎಂದು ತಿರುಗಿ ಕೇಳಿ ಸುಮ್ಮನಿರಿ. ಸುಮ್ಮನಿರುವುದೇ ಕಷ್ಟದ ಭಾಗ.

ಪುಟ ತೀರಾ ಚಂದವಿದ್ದು, ಅಕ್ಷರ ದೊಡ್ಡವರದ್ದಾಗಿದ್ದರೆ ಅದು ಶಾಲೆಯ ಪ್ರಾಜೆಕ್ಟ್ ಆಗಿಹೋಗಿದೆ. ಬಣ್ಣದ ಪೆನ್ಸಿಲ್ ಎರಡು ವಾರ ಎತ್ತಿಡಿ.

## ಹಂತ 11: ಹತ್ತನೇ ವಾರ

ಫೆಬ್ರವರಿ ಮಧ್ಯದಲ್ಲಿ ಶುರು ಮಾಡಿದರೆ ಇದು ಏಪ್ರಿಲ್ ಮೂರನೇ ವಾರಕ್ಕೆ ಬರುತ್ತದೆ. ಒಂದು ಉದ್ದನೆಯ ಹಾಳೆಯಲ್ಲಿ ಹತ್ತು ಚೌಕ ಹಾಕಿ, ಚಿಗುರು, ಹೂ, ಕಾಯಿಗೆ ಒಂದೊಂದು ಸಾಲು ಕೊಟ್ಟು, "ಸ್ವಲ್ಪ"ಕ್ಕೆ ಅರ್ಧ ಚೌಕ, "ತುಂಬ"ಕ್ಕೆ ಪೂರ್ತಿ ಚೌಕ ಬಣ್ಣ ತುಂಬಿಸಿ. ಬಣ್ಣದ ಪೆನ್ಸಿಲ್ ಈಗ ಕೊಡಿ.

ಮುಂದುವರಿಸುವ ಮನಸ್ಸಿದ್ದರೆ ದೇಶದಾದ್ಯಂತ ಮಕ್ಕಳೂ ದೊಡ್ಡವರೂ ವಾರಕ್ಕೊಮ್ಮೆ ಮರ ನೋಡಿ ದಾಖಲಿಸುವ ಸೀಸನ್‌ವಾಚ್ ಇದೆ. ಚಿಟ್ಟೆ, ಹುಳು, ಗಿಡದ ಫೋಟೋಗಳಿಗೆ ಐನ್ಯಾಚುರಲಿಸ್ಟ್ ಎಂಬ ಆಪ್ ಇದೆ. ಖಾತೆ ದೊಡ್ಡವರ ಹೆಸರಿನಲ್ಲಿರಲಿ. ಫೋಟೋ ಮನೆಯದಾದ್ದರಿಂದ ಜಾಗದ ಗುರುತು ಮಸುಕಾಗಿಸುವ ಆಯ್ಕೆಯನ್ನು ಮೊದಲೇ ಒತ್ತಿ. ಫೋಟೋದಲ್ಲಿ ಮಗುವಿನ ಮುಖ, ಶಾಲೆಯ ಬ್ಯಾಡ್ಜು ಬಾರದಂತೆ ನೋಡಿಕೊಳ್ಳಿ.

ಕೊಂಬೆಯ ದಾರ ಬಿಚ್ಚಿ. ಪುಸ್ತಕದ ಮೊದಲ ಪುಟದಲ್ಲಿ ಮರದ ಹೆಸರು, ನಿಂತ ಜಾಗ, ಕೊಂಬೆಯ ಗುರುತು ಮತ್ತೊಮ್ಮೆ ಸ್ಪಷ್ಟವಾಗಿ ಬರೆದು, ಎರಡು ಒಣ ಬೇವಿನೆಲೆ ಹಾಕಿ ಕವರಿನಲ್ಲಿಡಿ. ಮುಂದಿನ ವರ್ಷದ ಕ್ಯಾಲೆಂಡರ್ ಮನೆಗೆ ಬಂದ ದಿನ ಫೆಬ್ರವರಿಯ ಎರಡನೇ ಭಾನುವಾರಕ್ಕೆ ಮಗುವಿನ ಕೈಯಲ್ಲೇ ಒಂದು ಸುತ್ತು ಹಾಕಿಸಿ.